ಕೈಯ ಹಿಂದೆ ಬರುವ ಹಾಡು

ವೆರ್ಣಾ ಎಂಬ ಊರಿನಲ್ಲಿ ಸ್ಲ್ಯಾಬ್ ಹಾಕುವ ಕೆಲಸಕ್ಕೆ ಹೋಗುತ್ತಿದ್ದಾಗ ನಮ್ಮ ಸಾಲಿನಲ್ಲಿ ವಿಜಯಪುರ ಕಡೆಯ ಒಬ್ಬ ಅಕ್ಕ ಇದ್ದಳು. ಕಾಂಕ್ರೀಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುವಾಗ ಎಡಗಾಲಿನಿಂದ ನೆಲ ತಟ್ಟುತ್ತ ಹಾಡುತ್ತಿದ್ದಳು. ಎಂಥ ಕುಣಿಸುವ ಸಿನಿಮಾ ಹಾಡೂ ಅವಳ ಬಾಯಲ್ಲಿ ಬೀಸುಕಲ್ಲಿನ ಹಾಡಿನಷ್ಟು ನಿಧಾನವಾಗುತ್ತಿತ್ತು. ನಕ್ಕವರಿಗೆ ಒಂದೇ ಉತ್ತರ: "ಹಾಡು ನಮ್ಮ ಕೈ ಹಿಂದ ಬರಬೇಕು."

ಒಂದು ದಿನ ಮೋಡ ಕವಿಯಿತು. ಕೆಲಸ ಬೇಗ ಮುಗಿಯಲೆಂದು ನಮ್ಮಿಂದ ಕೆಲಸ ಮಾಡಿಸುವ ಮುಕಾದಮ ಸ್ಪೀಕರ್ ತಂದು, ಅವಳು ಹಾಡುತ್ತಿದ್ದ ಹಾಡನ್ನೇ ಜೋರಾಗಿ ಹಚ್ಚಿದ. ನಮ್ಮ ಕೈಗಳು ಅದರ ಹಿಂದೆ ಓಡಿದವು. ಏಣಿಯ ಮೇಲಿದ್ದ ನನ್ನ ಕೈತಪ್ಪಿ ತುಂಬಿದ ಬುಟ್ಟಿ ಕೆಳಗೆ ನಿಂತಿದ್ದ ಅವಳ ಪಾದದಿಂದ ಗೇಣು ದೂರದಲ್ಲಿ ಬಿತ್ತು.

ಅವಳು ನೆಟ್ಟಗೆ ಹೋಗಿ ಸ್ಪೀಕರ್ ಬಂದ್ ಮಾಡಿದಳು.

"ಮಳಿ ಬರಾಕತ್ತೈತಿ, ಯಾಕ ಬಂದ್ ಮಾಡ್ದಿ ಬೇ?" ಮುಕಾದಮ ಕೂಗಿದ.

"ಬರಲಿ ಬಿಡ್ರಿ. ಸ್ಲ್ಯಾಬ್ ಮುಗಿಸಿ ಕೊಡ್ತೇವಿ. ಹಾಡು ಮಾತ್ರ ನಮ್ಮ ಕೈ ಹಿಂದ ಬರಬೇಕು."

ಜಾಗಕ್ಕೆ ಮರಳಿ, ಎಡಗಾಲು ತಟ್ಟಿ, ಅದೇ ಹಾಡನ್ನು ತನ್ನ ಲಯದಲ್ಲಿ ಎತ್ತಿಕೊಂಡಳು. ಮತ್ತೊಂದು ಬುಟ್ಟಿ ಬೀಳಲಿಲ್ಲ. ಕೊನೆಗೆ ಸ್ಲ್ಯಾಬ್ ಮುಗಿಸಿ ಅದರ ಮೇಲೆ ತಾಡಪತ್ರಿ ಹೊದಿಸುವಾಗ ಮಳೆ ಬಂತು.

ಮೊನ್ನೆ ಮದುವೆಯೊಂದರಲ್ಲಿ ಆ ಹಾಡು ಹಚ್ಚಿದರು. ಸುತ್ತಲಿನವರೆಲ್ಲ ಕುಣಿಯುತ್ತಿದ್ದರು. ನನ್ನ ಎಡಗಾಲು ಮಾತ್ರ ನಿಧಾನವಾಗಿ ನೆಲ ತಟ್ಟುತ್ತಿತ್ತು.