ಬೋಟಿಗೆ ಎಂಜಿನ್ ಆರಿಸುವ ಚಿಕ್ಕಮ್ಮ

ಬೆಳಗಿನ ಐದೂಮುಕ್ಕಾಲು. ಸರೋವರದ ನೀರಿಗೆ ಇನ್ನೂ ಬಣ್ಣ ಬಂದಿಲ್ಲ. ಮರದ ಅಟ್ಟಣೆಗೆ ಕಟ್ಟಿರುವ ಬೋಟಿನ ನಟ್ಟನಡುವೆ ಎಂಜಿನ್ ಪೆಟ್ಟಿಗೆಯ ಮುಚ್ಚಳ ತೆರೆದಿದೆ. ಅದರೊಳಗಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿವೆ, ಅಲುಗಾಡುತ್ತಿಲ್ಲ. ಯಾರಿಗೋ ಏನೋ ಆಗಿದೆ ಎಂದು ಓಡುತ್ತೇನೆ. ಹತ್ತಿರ ಹೋದರೆ ಒಳಗಿನಿಂದ ದನಿ ಬರುತ್ತದೆ: "ಯಾರದು? ಸಿಗರೇಟು ಗಿಗರೇಟು ಇದ್ರೆ ಅಲ್ಲೇ ನಿಂತ್ಕೊಳ್ಳಿ."

ಐದು ನಿಮಿಷ ಬಿಟ್ಟು ಹೊರಬರುವವರು ಐವತ್ತೊಂದರ ಒಬ್ಬ ಹೆಂಗಸು. ರಬ್ಬರ್ ಪೈಪಿನ ಒಂದು ತುಂಡು ಕತ್ತರಿಸಿ ಅದರಲ್ಲೇ ಕೂದಲು ಕಟ್ಟಿಕೊಂಡಿದ್ದಾರೆ. ನಾನು ಏದುಸಿರು ಬಿಡುತ್ತಿರುವುದನ್ನು ನೋಡಿ ನಗುತ್ತಾರೆ. "ಮೂಸ್ತಿದ್ದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಲ್ಲಾದ್ರೆ ಕೆಳಗಿಂದ ಹೊರಟುಹೋಗತ್ತೆ. ಬೋಟು ಬೋಗುಣಿ ಇದ್ದಂಗೆ, ತಳದಲ್ಲಿ ಸೇರ್ಕೊಂಡ್ರೆ ಅಲ್ಲೇ ಇರತ್ತೆ. ನಾನು ಮೂಸಿ, ಫ್ಯಾನ್ ಹಾಕಿ, ಮತ್ತೆ ಮೂಸಿ, ಆಯ್ತು ಅನ್ನೋವರೆಗೂ ಇಲ್ಲಿ ಯಾರೂ ಕೀ ಮುಟ್ಟಲ್ಲ."

ಸರೋವರದ ದಂಡೆಯ ಈ ವಾಟರ್ ಸ್ಕೀ ಕ್ಲಬ್ಬಿನಲ್ಲಿ ಎಲ್ಲರಿಗೂ ಇವರು ಚಿಕ್ಕಮ್ಮ. ಬೋಟು ಓಡಿಸುವ ಇವರ ಅಣ್ಣ ಎಲ್ಲರಿಗೂ ಮಾವ. ಹಾಗೆ ಕರೆಯುವವರಲ್ಲಿ ಒಬ್ಬರಿಗೂ ಇವರ ಜೊತೆ ರಕ್ತಸಂಬಂಧವಿಲ್ಲ. ನನಗಿಂತ ಮೂರೇ ವರ್ಷ ದೊಡ್ಡವರಾದರೂ ಎರಡನೆಯ ದಿನಕ್ಕೇ ನನ್ನ ಬಾಯಲ್ಲೂ ಚಿಕ್ಕಮ್ಮ ಬಂದುಬಿಟ್ಟಿತು. ಮಾವ ಬಂದು ಕೈ ಕುಲುಕುತ್ತಾರೆ. ಬಲಗೈಯ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿವೆ, ಮಣಿಕಟ್ಟಿನಿಂದ ಕಿವಿಯವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತದೆ. ನಾನು ಗಾಬರಿಯಲ್ಲಿ ಕೈ ಹಿಂದಕ್ಕೆ ಎಳೆದುಕೊಂಡ ರೀತಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವರು ಅದನ್ನು ಗಮನಿಸದವರಂತೆ ಹೋಗಿ ಸ್ಟಿಯರಿಂಗ್ ಹಿಡಿದು ಕೂರುತ್ತಾರೆ.

ನಿಜ ಹೇಳಬೇಕೆಂದರೆ ನಾನು ಬಂದಿದ್ದು ಪತ್ರಿಕೆಗೆ ಹಗುರವಾದ ಒಂದು ಬರಹಕ್ಕೆ. ಬೋಟಿಗೆ ಕಟ್ಟಿದ ಹಗ್ಗ ಹಿಡಿದು, ಒಂದೇ ಹಲಗೆಯ ಮೇಲೆ ನಿಂತು, ನೀರಲ್ಲಿ ತೇಲುವ ಆರು ಚೆಂಡುಗಳನ್ನು ಎಡಕ್ಕೊಂದು ಬಲಕ್ಕೊಂದರಂತೆ ಸುತ್ತಿ ಸಾಗುವ ಆಟಕ್ಕೆ ಸ್ಲಾಲಮ್ ಎನ್ನುತ್ತಾರೆ. ಬೋಟು ಗೆರೆ ಎಳೆದಂತೆ ನೇರ ಹೋಗಬೇಕು. ಗಂಟೆಗೆ ಐವತ್ತೈದು, ಐವತ್ತೆಂಟು ಕಿಲೋಮೀಟರಿನ ವೇಗ. ಹದಿನಾರು, ಹದಿನೇಳು ಸೆಕೆಂಡಿನಲ್ಲಿ ಆಟ ಮುಗಿಯುತ್ತದೆ. ಇಷ್ಟಕ್ಕೆ ಎಂಜಿನ್ ಆರಿಸಲು ಒಬ್ಬರು ಬೇಕೇ ಎಂದು ನಾನು ಕೇಳಿಬಿಡುತ್ತೇನೆ. ಚಿಕ್ಕಮ್ಮ ಎಳೆತ ಅಳೆಯುವ ಒಂದು ತೂಕದ ಕೊಕ್ಕೆಯನ್ನು ಹಗ್ಗಕ್ಕೆ ಸಿಕ್ಕಿಸಿ, ನನ್ನನ್ನು ಬೋಟಿನಲ್ಲಿ ಕೂರಿಸುತ್ತಾರೆ.

ಹಲಗೆಯ ಮೇಲಿರುವವಳು ಕಡ್ಡಿ. ಹೆಸರಿಗೆ ತಕ್ಕಂತೆ ಇರುವ ಇಪ್ಪತ್ತೆರಡರ ಹುಡುಗಿ, ತೂಕ ಐವತ್ತಾರು ಕೆ.ಜಿ. ಮೊದಲ ಚೆಂಡು ಸುತ್ತಿ ಅವಳು ಅಡ್ಡಕ್ಕೆ ವಾಲಿದ ಕೂಡಲೇ ಕೊಕ್ಕೆಯ ಮುಳ್ಳು ಎಗರುತ್ತದೆ. ಇನ್ನೂರ ಎಪ್ಪತ್ತು. ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡುತ್ತೇನೆ. ಇನ್ನೂರ ಎಂಬತ್ತು. ಇಡೀ ಬೋಟು ಹಿಂದಕ್ಕೆ ಜಗ್ಗಿದಂತಾಗಿ ನನ್ನ ಹಲ್ಲು ಕಟಕಟಿಸುತ್ತವೆ. ಐವತ್ತಾರು ಕೆ.ಜಿ.ಯ ಹುಡುಗಿ ತನ್ನ ಐದು ಪಟ್ಟು ಭಾರವನ್ನು ಹಗ್ಗದ ಮೇಲೆ ಹಾಕುತ್ತಿದ್ದಾಳೆ, ಅದೂ ಒಂದು ಓಟಕ್ಕೆ ಆರು ಸಲ.

"ನೋಡಿದ್ರಾ?" ಎನ್ನುತ್ತಾರೆ ಚಿಕ್ಕಮ್ಮ, ದಂಡೆಗೆ ಬಂದ ಮೇಲೆ. "ಇದು ವೇಗದ ಎಂಜಿನ್ ಅಲ್ಲ, ಎಳೆತದ್ದು. ಅವಳು ಜಗ್ಗಿದಾಗ ಬೋಟು ಒಂದು ಕೂದಲೆಳೆಯಷ್ಟು ನಿಧಾನ ಆದ್ರೂ ಮುಂದಿನ ಚೆಂಡು ತಪ್ಪತ್ತೆ. ಜಗ್ಗಿದಷ್ಟನ್ನ ಎಂಜಿನ್ ತಕ್ಷಣ ತುಂಬಿಕೊಡ್ಬೇಕು. ಹಂಗಂತ ದೊಡ್ಡ ಎಂಜಿನ್ ತಂದು ಕೂರಿಸಿದ್ರೆ ಬೋಟು ಭಾರ ಆಗಿ ಕೂತ್ಕೊಳ್ಳತ್ತೆ, ಹಿಂದೆ ನೀರು ಉಬ್ಬತ್ತೆ. ಆ ಉಬ್ಬಿನ ಮೇಲೆ ಈ ಮಕ್ಕಳು ಎಗರಿ ಎಗರಿ ಬೀಳ್ಬೇಕು. ಮೊಣಕಾಲು ಯಾರಪ್ಪಂದು?"

ಹಾಗಾಗಿ ಅವರದೊಂದು ಪದ್ಧತಿಯಿದೆ. ಎಂಜಿನ್ ಬರುವುದಕ್ಕೆ ಮೊದಲು ಅದರ ತೂಕ ಬರಬೇಕು. ಹೊಸ ಎಂಜಿನ್ ಹಳೆಯದಕ್ಕಿಂತ ಎಷ್ಟು ಭಾರವೋ ಅಷ್ಟು ಮರಳನ್ನು ಚೀಲಗಳಲ್ಲಿ ತುಂಬಿ, ಎಂಜಿನ್ ಪೆಟ್ಟಿಗೆಯ ಸುತ್ತ ಜೋಡಿಸಿ, ಬೋಟು ಓಡಿಸಿ, ಹಲಗೆಯ ಮೇಲಿದ್ದವರನ್ನು ಕೇಳುತ್ತಾರೆ. ಅವರು ಮುಖ ಸಿಂಡರಿಸಿದರೆ ಆ ಎಂಜಿನ್ ಕ್ಲಬ್ಬಿನ ಬಾಗಿಲಿಗೂ ಬರುವುದಿಲ್ಲ. ಇಪ್ಪತ್ತೈದು ವರ್ಷದಲ್ಲಿ ಹೀಗೆ ಏಳು ಕ್ಲಬ್ಬುಗಳಿಗೆ ಹದಿನಾಲ್ಕು ಎಂಜಿನ್ ಆರಿಸಿಕೊಟ್ಟಿದ್ದಾರೆ. ಗೆದ್ದವರ ಫೋಟೋಗಳು ಕ್ಲಬ್ಬಿನ ಗೋಡೆ ತುಂಬ ಇವೆ. ಒಂದರಲ್ಲೂ ಇವರಿಲ್ಲ. ಒಂದರಲ್ಲಿ ಮಾತ್ರ ಮೂಲೆಯಲ್ಲಿ ಮೊಣಕೈ ಕಾಣುತ್ತದೆ. "ಅದು ನಂದೇ," ಎಂದು ಅವರೇ ತೋರಿಸುತ್ತಾರೆ.

ಅಪ್ಪ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುತ್ತಿದ್ದರಂತೆ. ಅಣ್ಣ ತಂಗಿ ಇಬ್ಬರೂ ಸ್ಪ್ಯಾನರ್ ಹಿಡಿದೇ ಬೆಳೆದವರು. ಮೊದಲು ಆರಿಸಿದ ಎಂಜಿನ್ ಯಾವುದು ಎಂದರೆ ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ತೂಕ ಸರಿಯಿತ್ತು, ಎಳೆತ ಸರಿಯಿತ್ತು. ಅದು ಯಾವ ಕಡೆಗೆ ತಿರುಗುತ್ತದೆ ಎಂದು ನೋಡುವುದೊಂದು ಮರೆತಿತ್ತು. ಕೆಲವು ಬೋಟಿನ ಎಂಜಿನ್ನುಗಳು ಎಡಕ್ಕೆ ತಿರುಗುತ್ತವೆ, ಪ್ರೊಪೆಲ್ಲರ್ ಬಲದ್ದಿತ್ತು. ಮುಂದಿನ ಗೇರ್ ಹಾಕಿದರೆ ಬೋಟು ಹಿಂದಕ್ಕೆ ಹೊರಟು, ಫೋಟೋಕ್ಕೆಂದು ಅಟ್ಟಣೆಯ ತುದಿಯಲ್ಲಿ ನಿಂತಿದ್ದ ಆಗಿನ ಅಧ್ಯಕ್ಷರನ್ನು ಸೂಟು ಬೂಟಿನ ಸಮೇತ ನೀರಿಗೆ ಹಾಕಿತು.

ನಾವು ನಗುತ್ತಿರುವಾಗಲೇ ಕಾರ್ಯದರ್ಶಿ ಲಾರಿಯೊಂದನ್ನು ಕರೆದುಕೊಂಡು ಬರುತ್ತಾರೆ. ಲಾರಿಯ ಮೇಲೆ ಫಳಫಳ ಹೊಳೆಯುವ ಎಂಜಿನ್ ಇದೆ. ಕ್ಲಬ್ಬಿನ ಹಳೆಯ ಎಂಜಿನ್ ಸುಸ್ತಾಗಿ ನಾಲ್ಕನೆಯ ಚೆಂಡಿಗೇ ವೇಗ ಬಿಡುತ್ತಿದೆ. ಹನ್ನೆರಡು ದಿನದಲ್ಲಿ ಇಲ್ಲೇ ದೊಡ್ಡ ಪಂದ್ಯ, ಕಡ್ಡಿಯಂಥ ಎಂಟು ಮಂದಿ ಅದಕ್ಕಾಗಿ ವರ್ಷವಿಡೀ ಬೆವರು ಸುರಿಸಿದ್ದಾರೆ. ಸದಸ್ಯರೊಬ್ಬರು ದೊಡ್ಡ ಕಾರಿನ ಹೊಸ ಎಂಜಿನ್ ಒಂದನ್ನು ಕ್ಲಬ್ಬಿಗೆ ದಾನ ಕೊಟ್ಟಿದ್ದಾರೆ. ನಾನೂರು ಕುದುರೆಶಕ್ತಿ. ಕಾರ್ಯದರ್ಶಿಯ ಮುಖದಲ್ಲಿ ಸಂಭ್ರಮ.

ಚಿಕ್ಕಮ್ಮ ಲಾರಿ ಹತ್ತಿ ಒಂದು ಸುತ್ತು ನೋಡಿ ಇಳಿಯುತ್ತಾರೆ. "ಇದು ಬೇಡ."

"ಯಾಕೆ ಚಿಕ್ಕಮ್ಮ? ಕಬ್ಬಿಣ ಎಲ್ಲ ಒಂದೇ ಅಲ್ವಾ?"

"ಕಬ್ಬಿಣ ಒಂದೇ. ಮೈಮೇಲಿರೋ ಸಾಮಾನು ಬೇರೆ. ಇದರ ಸ್ಟಾರ್ಟರ್ ಕಿಡಿ ಹಾರಿಸತ್ತೆ, ಡೈನಮೋ ಹಾರಿಸತ್ತೆ. ಬೋಟಿಂದೆಲ್ಲ ಕಿಡಿ ಹೊರಗೆ ಬರದ ಹಾಗೆ ಮುಚ್ಚಿರತ್ತೆ. ಒಂದೊಂದೇ ಬದಲಾಯಿಸ್ತಾ ಕೂತ್ರೆ ಮೂರು ತಿಂಗಳು ಬೇಕು. ಸಾಲದ್ದಕ್ಕೆ ನೂರು ಕೆ.ಜಿ. ಜಾಸ್ತಿ. ಆ ಪಕ್ಕದ ಕ್ಲಬ್ಬಿನ ಗೋದಾಮಲ್ಲಿ ಮುನ್ನೂರ ಹತ್ತು ಕುದುರೆಯದ್ದು ಒಂದಿದೆ. ಬೋಟಿಗೇ ಅಂತ ಮಾಡಿದ್ದು. ಹೋಗಿ ಬಿಚ್ಚಿ ನೋಡಿ ಬಂದಿದೀನಿ. ಪ್ರೊಪೆಲ್ಲರ್ ಬದಲಾಯಿಸ್ಕೊಂಡ್ರೆ ಎಳೆತಕ್ಕೆ ಅದೇ ಸಾಕು."

ಮುನ್ನೂರ ಹತ್ತು ಎಂಬ ಅಂಕಿ ಕೇಳಿಯೇ ಕಾರ್ಯದರ್ಶಿ ಮೂಗು ಮುರಿಯುತ್ತಾರೆ. ಚಿಕ್ಕಮ್ಮ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಕೊನೆಗೆ ಕಾರ್ಯದರ್ಶಿ ಹೊರಡುವಾಗ ಹೇಳುತ್ತಾರೆ: "ನಾಡಿದ್ದು ಹೊರಗಿನ ಮೆಕ್ಯಾನಿಕ್ ಬರ್ತಾನೆ, ಕೂರಿಸ್ತಾನೆ. ನಿಮಗೆ ಇಷ್ಟ ಇಲ್ಲದಿದ್ರೆ ಶೆಡ್ಡಿನ ಬೀಗದ ಕೈ ಕೊಟ್ಟುಬಿಡಿ." ಆ ಎಂಜಿನ್ನಿನ ಕೀ ತಿರುಗಿಸಬೇಕಾದವರು ಮಾವ. ಅವರು ಹಗ್ಗ ಸುತ್ತುತ್ತ ನಿಂತಿದ್ದಾರೆ.

ಶೆಡ್ಡಿನಲ್ಲಿ ಚಹಾ ಕುಡಿಯುವಾಗ ನಾನು ಮೆಲ್ಲಗೆ, ಇಷ್ಟು ಹಟ ಏಕೆ ಎನ್ನುತ್ತೇನೆ. ಚಿಕ್ಕಮ್ಮ ಲೋಟ ಕೆಳಗಿಟ್ಟು, ಹವಾಮಾನದ ಬಗ್ಗೆ ಹೇಳುವಷ್ಟೇ ಸಾಮಾನ್ಯವಾದ ದನಿಯಲ್ಲಿ ಹೇಳುತ್ತಾರೆ:

"ಹನ್ನೊಂದು ವರ್ಷದ ಹಿಂದೆ ಪಂದ್ಯದ ಹಿಂದಿನ ದಿನ ಸ್ಟಾರ್ಟರ್ ಕೈಕೊಡ್ತು. ಬೋಟಿಂದು ಎಲ್ಲೂ ಸಿಗಲಿಲ್ಲ. ಕಾರಿಂದು ನೋಡೋಕೆ ತದ್ರೂಪು, ಬೋಲ್ಟು ಕೂಡ ಅದೇ ತೂತಿಗೆ ಕೂರತ್ತೆ. ಎರಡು ದಿನಕ್ಕೆ ಏನಾಗತ್ತೆ ಅಂತ ಹಾಕ್ದೆ. ಬೆಳಗ್ಗೆ ಅಣ್ಣ ಕೀ ತಿರುಗಿಸ್ದ. ಅವನ ಕೈ ನೋಡಿದ್ರಲ್ಲ. ಆ ಸ್ಟಾರ್ಟರ್ ಕೂರಿಸಿದ್ದು ನಾನೇ."

ಮಾವ ಹದಿನಾಲ್ಕು ವಾರ ಆಸ್ಪತ್ರೆಯಲ್ಲಿದ್ದರಂತೆ. ಅದಾದ ಮೇಲೆ ಅಣ್ಣ ತಂಗಿ ದಿನಾ ಒಂದೇ ಬೋಟಿನಲ್ಲಿ ಕೆಲಸ ಮಾಡಿದ್ದಾರೆ, ಒಂದೇ ಮನೆಯಲ್ಲಿ ಉಂಡಿದ್ದಾರೆ. ಆ ವಿಷಯ ಮಾತ್ರ ಒಂದು ದಿನವೂ ಅವರ ನಡುವೆ ಬಂದಿಲ್ಲ. "ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ," ಎನ್ನುತ್ತಾರೆ. ನಾನು ಟಿಪ್ಪಣಿ ಪುಸ್ತಕ ಮುಚ್ಚಿಬಿಡುತ್ತೇನೆ.

ಮರುದಿನ ಹತ್ತು ಗಂಟೆಗೆ ಚಿಕ್ಕಮ್ಮ ಸಮಿತಿಯವರನ್ನೆಲ್ಲ ದಂಡೆಗೆ ಕರೆಸುತ್ತಾರೆ. ಬಯಲಲ್ಲಿ ಖಾಲಿ ಪೀಪಾಯಿ ಇಟ್ಟು, ತಳಕ್ಕೆ ಒಂದೇ ಚಮಚ ಪೆಟ್ರೋಲ್ ಹಾಕಿ, ಮೇಲೆ ಒದ್ದೆ ಹಲಗೆ ಮುಚ್ಚಿದ್ದಾರೆ. ಒಳಗೆ ಬೋಟಿನ ಸ್ಟಾರ್ಟರ್ ಇಳಿಬಿಟ್ಟಿದೆ. ನಲವತ್ತು ಹೆಜ್ಜೆ ಆಚೆಗೆ ಬ್ಯಾಟರಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಯಾರೂ ಇದನ್ನು ಮನೆಯಲ್ಲಿ ಮಾಡಿ ನೋಡಬಾರದು ಎಂದು ನಾನು ಇಲ್ಲೇ ಬರೆದುಬಿಡುತ್ತೇನೆ. ವೈರು ಮುಟ್ಟಿಸುತ್ತಾರೆ. ಒಳಗೆ ಗುರ್ ಎನ್ನುತ್ತದೆ, ಬೇರೇನೂ ಆಗುವುದಿಲ್ಲ. ಕಾರ್ಯದರ್ಶಿ ಗಡಿಯಾರ ನೋಡಿಕೊಳ್ಳುತ್ತಾರೆ.

ಅದನ್ನು ತೆಗೆದು, ದಾನ ಬಂದ ಎಂಜಿನ್ನಿನ ಸ್ಟಾರ್ಟರ್ ಇಳಿಸುತ್ತಾರೆ. ಮತ್ತೆ ಒಂದು ಚಮಚ, ಮತ್ತೆ ಅದೇ ಹಲಗೆ. ಎಲ್ಲರೂ ದೂರ ಸರಿದ ಮೇಲೆ ವೈರು ಮುಟ್ಟಿಸುತ್ತಾರೆ. ಮುಂದಿನದನ್ನು ನಾನು ಕಣ್ಣಿಂದ ನೋಡಿದೆ ಎನ್ನಲಾರೆ. ಸದ್ದು ಎದೆಗೆ ಬಡಿದಾಗ ಮೊಣಕಾಲೂರಿ ಕೂತಿದ್ದೆ. ಹಲಗೆ ಶೆಡ್ಡಿನ ಸೂರು ದಾಟಿ ನೀರಿಗೆ ಬಿದ್ದಿದೆ, ಪೀಪಾಯಿಯ ಹೊಟ್ಟೆ ಸೀಳಿದೆ. ಸಮಿತಿಯವರು ಗರ ಬಡಿದವರಂತೆ ನಿಂತಿದ್ದಾರೆ. ಕಡ್ಡಿ ಅಳುತ್ತಿದ್ದಾಳೆ.

"ಒಂದು ಚಮಚ," ಎನ್ನುತ್ತಾರೆ ಚಿಕ್ಕಮ್ಮ. "ಬೋಟಿನ ಟ್ಯಾಂಕಿಗೆ ನೂರು ಲೀಟರ್ ಹಿಡಿಯತ್ತೆ. ಹನ್ನೊಂದು ವರ್ಷದ ಹಿಂದೆ ಇಂಥದ್ದೇ ಒಂದನ್ನ ಹಾಕಿ ನಮ್ಮಣ್ಣನ್ನ ಸುಟ್ಟಿದ್ದು ನಾನು. ಈಗ ಬೀಗದ ಕೈ ಬೇಕಾದ್ರೆ ತಗೊಳ್ಳಿ." ಅವರು ಅದನ್ನು ಚಾಚಿಯೇ ನಿಲ್ಲುತ್ತಾರೆ. ಕಾರ್ಯದರ್ಶಿ ಮುಖ ಬಿಳಿಚಿಕೊಂಡು ಬೇಡವೆಂದು ತಲೆ ಅಲ್ಲಾಡಿಸುತ್ತಾರೆ. ಗುಂಪಿನ ಹಿಂದಿದ್ದ ಮಾವ ಯಾವಾಗ ಎದ್ದು ಹೋದರೋ ನಾನು ನೋಡಲಿಲ್ಲ.

ಮುನ್ನೂರ ಹತ್ತರ ಎಂಜಿನ್ ಅಂದೇ ಸಂಜೆ ಬರುತ್ತದೆ. ಕೂರಿಸಲು, ಹೊಂದಿಸಲು, ಪ್ರೊಪೆಲ್ಲರ್ ಮೂರು ಸಲ ಬದಲಾಯಿಸಲು ಏಳು ದಿನ ಬೇಕಾಗುತ್ತದೆ. ಪಂದ್ಯಕ್ಕೆ ಮೂರು ದಿನವಿರುವಾಗ ಪರೀಕ್ಷೆಯ ಓಟ. ಮಾವ ಕೀ ತಿರುಗಿಸುವಾಗ ದಂಡೆಯಲ್ಲಿದ್ದ ನಾವೆಲ್ಲ ಎರಡು ಹೆಜ್ಜೆ ಹಿಂದೆ ಸರಿಯುತ್ತೇವೆ. ಎಂಜಿನ್ ಒಂದೇ ಸಲಕ್ಕೆ ಶುರುವಾಗುತ್ತದೆ. ಕಡ್ಡಿ ಆರೂ ಚೆಂಡು ಸುತ್ತುತ್ತಾಳೆ. ಆಟ ಇನ್ನಷ್ಟು ಕಷ್ಟವಾಗಲೆಂದು ಹಗ್ಗ ಗಿಡ್ಡ ಮಾಡಿ ಮತ್ತೆ ಆರು. ಬೋಟಿನ ಹಿಂದಿನ ಉಬ್ಬು ಮೊದಲಿಗಿಂತ ತಗ್ಗಾಗಿದೆ. ಗಡಿಯಾರ ಹಿಡಿದಿರುವ ಕಾರ್ಯದರ್ಶಿ, ವೇಗ ಎಳ್ಳಷ್ಟೂ ಜಾರಿಲ್ಲ ಎಂದು ಮೂರು ಸಲ ಹೇಳುತ್ತಾರೆ.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಅಟ್ಟಣೆಯ ಮೇಲೆ ಉಳಿದವರು ನಾವು ಮೂವರು. ಚಿಕ್ಕಮ್ಮ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದಾರೆ. ಮಾವ ಹಗ್ಗ ಕಟ್ಟುತ್ತ, ತಲೆ ಎತ್ತದೆ ಹೇಳುತ್ತಾರೆ: "ನಂಗೂ ಗೊತ್ತಿತ್ತು."

"ಏನು ಗೊತ್ತಿತ್ತು?"

"ಅದು ಕಾರಿನ ಸ್ಟಾರ್ಟರ್ ಅಂತ. ಶೆಡ್ಡಲ್ಲಿ ಡಬ್ಬಿ ಬಿದ್ದಿತ್ತು, ಮೇಲೆ ಕಾರಿನ ಚಿತ್ರ. ಬೆಳಗ್ಗೆ ನೋಡ್ದೆ. ಪಂದ್ಯ ತಪ್ಪತ್ತಲ್ಲ ಅಂತ ಸುಮ್ನೆ ಹೋಗಿ ಕೀ ತಿರುಗಿಸ್ದೆ. ಅವತ್ತು ಎಲ್ಲರೆದುರು ನೀನು ಹಂಗೆ ಹೇಳಿದಾಗ ನಂಗೆ ಅಲ್ಲಿ ನಿಲ್ಲೋಕಾಗಲಿಲ್ಲ."

ನಾನು ಅಲ್ಲಿರಬಾರದಿತ್ತು ಅನ್ನಿಸುತ್ತದೆ. ಚಿಕ್ಕಮ್ಮ ಅಣ್ಣನ ಕಡೆ ತಿರುಗುತ್ತಾರೆ. ಆಮೇಲೆ ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಅವರ ಮುಖಕ್ಕೆ ಎಸೆಯುತ್ತಾರೆ. "ಹನ್ನೊಂದು ವರ್ಷ. ಒಂದು ದಿನ ಬಾಯಿ ಬಿಟ್ಟಿದ್ರೆ ನಿಂಗೇನು ಗಂಟು ಹೋಗ್ತಿತ್ತು?" ಎಂದವರು ಅಲ್ಲೇ ಕುಸಿದು ಕೂತು ಅಳುತ್ತಾರೆ. ಮಾವ ಆ ಬಟ್ಟೆಯನ್ನೇ ಮಡಚಿ ಪಕ್ಕಕ್ಕಿಟ್ಟು, ತಂಗಿಯ ಹತ್ತಿರ ಹೋಗಿ ಕೂರುತ್ತಾರೆ.

ಹೊರಡುವ ಮುಂಚೆ ನಾನು ಹಿಂಜರಿಯುತ್ತ ಕೇಳುತ್ತೇನೆ: ಇದನ್ನೆಲ್ಲ ಬರೆಯಲೇ, ಬಿಡಲೇ? ಚಿಕ್ಕಮ್ಮ ಅಣ್ಣನ ಕಡೆ ನೋಡುತ್ತಾರೆ. ಅವರು ಆಗಲಿ ಎಂಬಂತೆ ತಲೆಯಾಡಿಸುತ್ತಾರೆ.

"ಬರೀರಿ," ಎನ್ನುತ್ತಾರೆ ಚಿಕ್ಕಮ್ಮ, ಕಣ್ಣೊರೆಸಿಕೊಂಡು. "ಆ ಸ್ಟಾರ್ಟರ್ ಕೂರಿಸಿದ್ದು ನಾನು ಅಂತ ಬರೀರಿ. ಇವನಿಗೂ ಗೊತ್ತಿತ್ತು ಅಂತ ಬರೀರಿ, ಬಿಡಬೇಡಿ. ಆ ತಪ್ಪು ಇಬ್ಬರದ್ದೂ ಇರಲಿ. ಈ ಎಂಜಿನ್ ಆರಿಸಿದ್ದು ಮಾತ್ರ ನಾನೊಬ್ಬಳೇ ಅಂತ ಬರೀರಿ."