ಸೆಲ್ಲಿನ ಕಪ್ಪು ಪುಡಿ

ಹೆಬ್ಬಾಳದ ಚಿಕ್ಕಹನುಮಯ್ಯ ಯಶವಂತಪುರದ ಬಳಿಯ ಒಂದು ಪ್ರಯೋಗಶಾಲೆಯಲ್ಲಿ ಅಟೆಂಡರ್. ಲೋಹದ ಆಕ್ಸೈಡ್ ಪುಡಿಗಳನ್ನು ಮೈದಾಹಿಟ್ಟಿನಷ್ಟು ನುಣ್ಣಗೆ ಅರೆದುಕೊಡುವುದು ಅವನ ಕೆಲಸ. ಆ ಪುಡಿಯಲ್ಲಿ ಎಕ್ಸ್-ರೇ ಹಾಯಿಸಿ, ಫಿಲ್ಮಿನ ಮೇಲೆ ಮೂಡುವ ಕಪ್ಪು-ಬಿಳುಪಿನ ಅಂಚನ್ನು ಅಳೆದು, ಲೋಹ ಆಕ್ಸಿಜನ್ನಿಗೆ ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆಯೆಂದು ಹೇಳುವುದು ಡಾಕ್ಟರ್ ವೆಂಕಟರಾಮಯ್ಯನವರ ಕೆಲಸ. ಲೋಹ ಹೆಚ್ಚು ಕೊಟ್ಟಷ್ಟೂ ಅಂಚು ಕೂದಲೆಳೆಯಷ್ಟು ಸರಿಯುತ್ತಿತ್ತು.

೧೯೬೨ರಲ್ಲಿ ಒಂದು ದಿನ ಮ್ಯಾಂಗನೀಸ್ ಡೈಆಕ್ಸೈಡಿನ ಸೀಸೆ ಚಿಕ್ಕಹನುಮಯ್ಯನ ಕೈಜಾರಿ, ಪುಡಿಯೆಲ್ಲ ಮೋರಿ ಪಾಲಾಯಿತು. ಅದು ಪರದೇಶದಿಂದ ಹಡಗಿನಲ್ಲಿ ಬಂದ ಸೀಸೆ. ಟಾರ್ಚ್ ಸೆಲ್ಲಿನೊಳಗಿರುವ ಕಪ್ಪೂ ಇದೇ ವಸ್ತು ಎಂದು ಡಾಕ್ಟರೇ ಯಾರಿಗೋ ಹೇಳಿದ್ದು ಅವನಿಗೆ ನೆನಪಿತ್ತು. ಮನೆಯಲ್ಲಿ ಬಿಸಾಡಲು ಇಟ್ಟಿದ್ದ ಎರಡು ಸೆಲ್ಲುಗಳನ್ನು ಒಡೆದು, ಒಳಗಿನದನ್ನು ತೊಳೆದು, ಒಣಗಿಸಿ, ಅರೆದು, ಏನೂ ಆಗಿಲ್ಲವೆಂಬಂತೆ ಮೇಜಿನ ಮೇಲಿಟ್ಟ.

ನಾಲ್ಕು ಎಲೆಕ್ಟ್ರಾನ್ ಕೊಟ್ಟಿರಬೇಕಾದ ಮ್ಯಾಂಗನೀಸು ಮೂರೇ ಕೊಟ್ಟಿದೆ ಎಂದಿತು ಫಿಲ್ಮು. ವೆಂಕಟರಾಮಯ್ಯನವರು ಫಿಲ್ಮು ಬದಲಾಯಿಸಿದರು. ಯಂತ್ರ ಬಿಚ್ಚಿ ಜೋಡಿಸಿದರು. ಒಂದು ವಾರ ಅವರ ಡಬ್ಬಿಯ ಉಪ್ಪಿಟ್ಟು ಹಾಗೇ ಮನೆಗೆ ವಾಪಸು ಹೋಯಿತು. ಕೊನೆಗೆ ಪುಡಿ ಕಳಿಸಿದ ಕಂಪನಿಯನ್ನು ಬೈದು ಕಾಗದ ಬರೆಯಲು ಕೂತಾಗ ಚಿಕ್ಕಹನುಮಯ್ಯನಿಗೆ ತಡೆಯಲಾಗಲಿಲ್ಲ.

"ಸಾಮಿ, ಅವ್ರುದೇನೂ ತಪ್ಪಿಲ್ಲ. ಅದು ನಮ್ಮನೆ ಟಾರ್ಚಿನ ಸೆಲ್ಲಿಂದು."

ಕೆಲಸ ಹೋಯಿತೆಂದೇ ಅವನು ಕೈಕಟ್ಟಿ ನಿಂತ. ಡಾಕ್ಟರು ಬರೆಯುತ್ತಿದ್ದ ಕಾಗದವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು: "ಪೂರ್ತಿ ಮುಗ್ದೋಗಿತ್ತೇನಯ್ಯ ಆ ಸೆಲ್ಲು?"

ಟಾರ್ಚು ಉರಿದಂತೆಲ್ಲ ಸೆಲ್ಲಿನ ಮ್ಯಾಂಗನೀಸಿಗೆ ಒಂದೊಂದು ಎಲೆಕ್ಟ್ರಾನ್ ಮರಳುತ್ತದೆ. ಯಂತ್ರ ಅದನ್ನೇ ಹಿಡಿದಿತ್ತು. ಅವರಿಗೀಗ ಹೊಸ ಸೆಲ್ಲು, ಕಾಲುಪಾಲು ಉರಿದದ್ದು, ಅರ್ಧ ಉರಿದದ್ದು, ಎಲ್ಲವೂ ಬೇಕಾದವು. ಉರಿಸುವ ಹೊಣೆ ಚಿಕ್ಕಹನುಮಯ್ಯನಿಗೇ ಬಂತು.

ಭಾನುವಾರವೂ ಬಿಡದೆ, ನಡುಹಗಲಿನಲ್ಲಿ ಟಾರ್ಚು ಹೊತ್ತಿಸಿಕೊಂಡು ಕೆರೆ ಏರಿಯ ಮೇಲೆ ಓಡಾಡತೊಡಗಿದ. ಅವನಿಗೆ ತಲೆ ಕೆಟ್ಟಿದೆಯೆಂಬ ಸುದ್ದಿ ಬಾವಿಕಟ್ಟೆಯಲ್ಲಿ ಹೆಂಡತಿ ಪಟಾಲಮ್ಮನ ಕಿವಿಗೆ ಬಿತ್ತು.

"ಬಿಸ್ಲಾಗೆ ದೀಪ ಇಟ್ಕಂಡು ಏನ್ ಉಡುಕ್ತಿದೀಯ?"

"ಉಡುಕ್ತಿಲ್ಲ ಕಣಮ್ಮಿ. ಎಲೆಕ್ಟ್ರಾನ್ ವಾಪಸ್ ಕೊಡಿಸ್ತಿದೀನಿ."

ಪಟಾಲಮ್ಮ ಆ ಸಂಜೆಯೇ ಅವನ ತೋಳಿಗೆ ತಾಯತ ಕಟ್ಟಿಸಿದಳು.

ಮರುವರ್ಷ ವೆಂಕಟರಾಮಯ್ಯನವರ ಲೇಖನ ಅಚ್ಚಾಯಿತು. ಮಾದರಿಗಳನ್ನು ಸಿದ್ಧಮಾಡಿದ್ದಕ್ಕೆ ಚಿಕ್ಕಹನುಮಯ್ಯನಿಗೆ ವಂದನೆ ಎಂದು ಕೊನೆಯಲ್ಲಿ ಇಂಗ್ಲಿಷಿನಲ್ಲಿತ್ತು. ಆ ಸಾಲನ್ನು ಅವನು ಮೂರು ಸಲ ಓದಿಸಿ ಕೇಳಿದ. ಅಲ್ಲಿಂದಾಚೆ ಏನು ಚೆಲ್ಲಿದರೂ ಓಡಿಬಂದು ಒಪ್ಪಿಕೊಳ್ಳುತ್ತಿದ್ದ. ಡಾಕ್ಟರು ಬೈಯುತ್ತಿರಲಿಲ್ಲ. ಕನ್ನಡಕ ಏರಿಸಿಕೊಂಡು, ಅದರ ಬದಲಿಗೆ ಏನು ಹಾಕಿದೆ ಎಂದು ಆಸೆಯಿಂದ ಕೇಳುತ್ತಿದ್ದರು.