ಬಲಗಡೆಯ ಬೋಲ್ಟ್

ಗಾಡಿಗೆಂದು ತಂದ ಹೊಸ ರಬ್ಬರ್ ಬುಷ್‌ನ ಪ್ಯಾಕೆಟ್ ಹರಿದೆ. ಆ ವಾಸನೆ ಮೂಗಿಗೆ ಬಡಿದದ್ದೇ, ಫಿಟ್ಟರ್ ಮಾವ ನೆನಪಾಗಿ ಅಂಗಳದಲ್ಲೇ ಕೂತುಬಿಟ್ಟೆ.

ಅವರು ಸಾಗರದ ನಮ್ಮ ಪಕ್ಕದ ಮನೆಯವರು. ಸಂಬಂಧವೇನೂ ಇರಲಿಲ್ಲ, ಆದರೂ ಬೀದಿಗೆಲ್ಲ ಫಿಟ್ಟರ್ ಮಾವ. ಜೋಗದ ಪವರ್ ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಮಿಕ್ಸಿ, ಪಂಪು, ಸ್ಕೂಟರು... ಯಾವುದು ಕೆಟ್ಟರೂ ಜನ ಮೊದಲು ಬಡಿಯುತ್ತಿದ್ದುದು ಅವರ ಬಾಗಿಲು.

ಅವರ ಹೆಂಡತಿಗೆ, ಅಂದರೆ ಅತ್ತೆಗೆ, ಬೆನ್ನಿನ ಆಪರೇಷನ್ ಆಗಿತ್ತು. ಸಣ್ಣ ಕುಲುಕಾಟವನ್ನೂ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಹೊಸನಗರದ ಆಚೆ, ನಗರ ಎಂಬ ಊರಿನಲ್ಲಿರುವ ತಂಗಿಯನ್ನು ನೋಡಬೇಕೆಂದು ಒಂದೇ ಹಟ. ನನ್ನ ಹಳೆಯ ಎಸ್‌ಯುವಿಯೋ, ಗುಂಡಿ ಸಿಕ್ಕಿದಲ್ಲೆಲ್ಲ ಮುಂದಿನಿಂದ ಟಕಟಕ ಅನ್ನುತ್ತಿತ್ತು. ಮಾವ ಒಂದು ಶನಿವಾರ ಬಂದು, "ಎಂತ ಮಾರಾಯ್ತಿ, ಗ್ಯಾರೇಜಿಗೆ ಯಾಕೆ? ಹೊಸ ಪಾರ್ಟ್ ನಾವೇ ಹಾಕೋಣ" ಎಂದರು.

ನಮ್ಮ ಅಂಗಳದಲ್ಲೇ ಜಾಕ್ ಕೊಟ್ಟು, ದಿಮ್ಮಿ ಇಟ್ಟು, ಚಕ್ರ ಬಿಚ್ಚಿದೆವು. ಚಕ್ರವನ್ನು ಹಿಡಿದಿಡುವ ಕಬ್ಬಿಣದ ಆರ್ಮ್‌ಗಳನ್ನೇ ಬದಲಿಸುವ ಕೆಲಸ. ಆರ್ಮ್‌ನ ತುದಿಯಲ್ಲಿ, ಬೋಲ್ಟ್ ಸುತ್ತ ಕೂತು ಕುಲುಕಾಟ ತಡೆಯುವ ರಬ್ಬರ್ ಬುಷ್ ಬಗ್ಗೆ ಅವರದು ಒಂದೇ ಕಟ್ಟಪ್ಪಣೆ.

"ಗಾಡಿ ನೇತಾಡೋವಾಗ ಬೋಲ್ಟ್ ಪೂರ್ತಿ ಬಿಗಿ ಮಾಡ್ಬೇಡ. ಕೆಳಗಿಳ್ಸಿ, ಚಕ್ರದ ಮೇಲೆ ಭಾರ ಕೂತ್ಮೇಲೆ ಮಾಡು. ಇಲ್ದಿದ್ರೆ ರಬ್ಬರ್ ತಿರುಚ್ಕೊಂಡು ಹರಿದೋಗ್ತದೆ."

ಎಡಗಡೆಯದನ್ನು ಹಾಗೆಯೇ ಮಾಡಿ ತೋರಿಸಿದರು. ಬಲಗಡೆ ಅರ್ಧವಾಗಿರುವಾಗ ಅತ್ತೆಗೆ ಮಾತ್ರೆ ಕೊಡಲು ಮನೆಗೆ ಹೋದರು. ಗಾಡಿ ಇಳಿಸಿದ ಮೇಲೆ ನೆಲದಲ್ಲಿ ತೆವಳಿಕೊಂಡು ಒಳಗೆ ಹೋಗುವುದು ಯಾರಿಗೆ ಬೇಕು? ನೇತಾಡುತ್ತಿದ್ದಾಗಲೇ ಸ್ಪ್ಯಾನರ್ ಹಾಕಿ, ಇದ್ದ ಬಲವನ್ನೆಲ್ಲ ಕೊಟ್ಟು ಬಿಗಿದು, ಆಮೇಲೆ ಗಾಡಿ ಇಳಿಸಿದೆ. ವಾಪಸು ಬಂದ ಮಾವ ಕೇಳಿದಾಗ, "ಇಳಿಸೇ ಮಾಡ್ದೆ ಮಾವ" ಎಂದುಬಿಟ್ಟೆ. ಅವರು ನಂಬಿದರು.

ಮರುವಾರ ನಗರಕ್ಕೆ ಹೋಗುವಾಗ ಅತ್ತೆ ದಾರಿಯುದ್ದಕ್ಕೂ ನಿದ್ದೆ ಹೊಡೆದರು. ಮೂರು ತಿಂಗಳ ನಂತರ ಮತ್ತೆ ಹೊರಟೆವು. ಹೊಸನಗರ ದಾಟುತ್ತಿದ್ದಂತೆ ಬಲಗಡೆ ಬಡಿಯಲು ಶುರುವಾಯಿತು. ಒಂದೊಂದು ಗುಂಡಿಗೂ ಅತ್ತೆ ನರಳುತ್ತಿದ್ದರು. ತಂಗಿಯ ಮನೆ ಮುಟ್ಟುವಷ್ಟರಲ್ಲಿ ಅಳುತ್ತಿದ್ದರು.

ಮಾವ ಗಾಡಿಯ ಕೆಳಗೆ ನುಸುಳಿ ಟಾರ್ಚ್ ಬಿಟ್ಟು ನೋಡಿದರು. ಎದ್ದು ಬಂದು ಕೈ ಒರೆಸಿಕೊಳ್ಳುತ್ತ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ನಂದೇ ತಪ್ಪು ಕಣೇ. ಬಲಗಡೆ ಬೋಲ್ಟ್ ನಾನು ಸರಿಯಾಗಿ ಹಾಕ್ಲಿಲ್ಲ" ಎಂದರು.

ನಾನು ತುಟಿ ಬಿಚ್ಚಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ಅತ್ತೆಗೆ ಅದೊಂದು ಅಸ್ತ್ರವೇ ಆಯಿತು. "ಜೋಗದ ಮಿಷನ್ ನೋಡ್ಕೊಂಡೋರಂತೆ! ಒಂದು ಬೋಲ್ಟ್ ಹಾಕಕ್ಕೆ ಬರ್ಲಿಲ್ಲ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಮಾವನೂ ನಗುತ್ತಿದ್ದರು. ಆದರೆ ಬೀದಿಯವರು ಸ್ಕೂಟರ್ ತರುವುದು ಕಡಿಮೆಯಾಯಿತು... ಸಂಜೆ ಹೊತ್ತು ಮಾವ ಸ್ಪ್ಯಾನರುಗಳಿಗೆ ಸುಮ್ಮನೆ ಎಣ್ಣೆ ಒರೆಸುತ್ತ ಕೂತಿರುತ್ತಿದ್ದರು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಹೋದ ವರ್ಷ ಮಾವ ತೀರಿಕೊಂಡರು.

ಈಗ ಮತ್ತೆ ಬುಷ್ ಸವೆದಿತ್ತು. ಈ ಭಾನುವಾರ ಒಬ್ಬಳೇ ಬಿಚ್ಚಿ ಹಾಕಿದೆ. ಗಾಡಿ ಇಳಿಸಿ, ಮಣ್ಣಿನಲ್ಲಿ ಅಂಗಾತ ಮಲಗಿ ಎರಡೂ ಕಡೆ ಬಿಗಿದೆ. ಗ್ರೀಸಿನ ಕೈಯಲ್ಲೇ ಪಕ್ಕದ ಮನೆಗೆ ಹೋದೆ. ಅತ್ತೆ ಹುರುಳಿಕಾಯಿ ಬಿಡಿಸುತ್ತಿದ್ದರು.

"ಅತ್ತೆ, ಅವತ್ತು ಬಲಗಡೆ ಬೋಲ್ಟ್ ಬಿಗಿ ಮಾಡಿದ್ದು ಮಾವ ಅಲ್ಲ. ನಾನು."

ಅವರ ಕೈ ನಿಂತಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಯ್ಯೋ... ಅವ್ರು ಆಸ್ಪತ್ರೆಲಿ ಮಲಗಿದ್ದಾಗ್ಲೂ ನರ್ಸ್ ಮುಂದೆ ಅದೇ ಹೇಳಿ ನಕ್ಕಿದ್ನಲ್ಲೇ" ಎಂದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇನ್ನು ನಾನು ಯಾರ ಹತ್ರ ಹೋಗಿ ತಪ್ಪಾಯ್ತು ಅನ್ಲಿ?" ಎಂದು ಕೇಳಿದರು.

ನಾನು ಅವರ ಮನೆ ಮೆಟ್ಟಿಲು ಹತ್ತಿದ್ದೂ ಅದೇ ಪ್ರಶ್ನೆ ಇಟ್ಟುಕೊಂಡು. ಈಗ ಅದು ಇಬ್ಬರದ್ದೂ ಆಯಿತು. ಪಕ್ಕದಲ್ಲಿ ಕೂತು ಹುರುಳಿಕಾಯಿ ಬಿಡಿಸತೊಡಗಿದೆ.